ಜಿಗಿಯುವ ಜೀನೂ ಒದೆಯುವ ಹಸುವೂ

ತಿಪಟೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನನಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಜಿಗಿಯುವ ಜೀನುಗಳ ಪಾಠ ಶುರುವಾದರೆ ಸಾಕು, ಒಂದಲ್ಲ ಒಂದು ಆಗಿಯೇ ತೀರುತ್ತದೆ.

ಮೂಲ ಮತ್ತು ನಕಲು

ಪ್ರಾಣಿಗಳ ಡಿಎನ್‌ಎಯಲ್ಲಿ ಜಿಗಿಯುವ ಜೀನುಗಳೆಂಬ ಕೆಲವು ತುಣುಕುಗಳಿವೆ. ತಾವು ಇದ್ದಲ್ಲೇ ಇದ್ದುಕೊಂಡು, ಆರ್‌ಎನ್‌ಎ ರೂಪದಲ್ಲಿ ತಮ್ಮ ನಕಲು ತೆಗೆಸಿ, ಅದನ್ನು ತಿರುಗಿ ಡಿಎನ್‌ಎ ಮಾಡಿ ಬೇರೊಂದು ಜಾಗದಲ್ಲಿ ತೂರಿಸುತ್ತವೆ. ಇದರ ಮೇಲೆ ಒಂದು ಟೆಸ್ಟ್ ಕೊಟ್ಟೆ. ಅಕ್ಕಪಕ್ಕ ಕೂತಿದ್ದ ಇಬ್ಬರು ಹುಡುಗಿಯರ ಉತ್ತರ ಒಂದೇ, ಕಾಗುಣಿತದ ತಪ್ಪೂ ಒಂದೇ. ಇಬ್ಬರನ್ನೂ ಕರೆದೆ.

"ಯಾರದ್ದು ನೋಡಿ ಯಾರು ಬರೆದದ್ದು?"

ಒಬ್ಬಳು ತಲೆ ತಗ್ಗಿಸಿದಳು. ಇನ್ನೊಬ್ಬಳು ಸಮಾಧಾನವಾಗಿ, "ನಂದೇ ನಕಲು ಮೇಡಂ. ಆದ್ರೆ ಮೂಲ ಇದ್ದಲ್ಲೇ ಇದೆ ನೋಡಿ, ಅವಳದ್ದೇನೂ ಹೋಗಿಲ್ಲ" ಅಂದಳು.

ಬೈಯಬೇಕು ಅಂತಿದ್ದೆ. ಆದರೆ ಇಡೀ ಕ್ಲಾಸಿನಲ್ಲಿ ಪಾಠ ಅರ್ಥವಾಗಿದ್ದು ಇವಳೊಬ್ಬಳಿಗೇ.

ಸ್ಟಾಫ್ ರೂಮಿನಲ್ಲಿ

ಜಿಗಿಯುವ ಜೀನುಗಳ ನಕಲುಗಳಲ್ಲಿ ಬಹುಪಾಲು ಕೆಟ್ಟು ಸುಮ್ಮನೆ ಕೂತಿರುತ್ತವೆ ಅಂತ ಒಮ್ಮೆ ಕನ್ನಡ ಮೇಷ್ಟ್ರಿಗೆ ಹೇಳುತ್ತಿದ್ದೆ.

"ಕೆಲಸ ಮಾಡದೇ ಇದ್ರೂ ತೆಗೆದುಹಾಕಲ್ವಾ?"

"ಸುಲಭಕ್ಕೆ ಹೋಗಲ್ಲ ಸಾರ್. ಜೀವಕೋಶ ಎರಡಾದಾಗೆಲ್ಲ ಅವೂ ಜೊತೆಗೇ ಬರ್ತವೆ."

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು, "ಪರ್ಮನೆಂಟ್ ಆಗಿದಾವೆ ಅನ್ನಿ" ಅಂದರು.

ಎಲ್ಲರೂ ನಕ್ಕೆವು. ಮೂಲೆಯಲ್ಲಿ ಕೂತಿದ್ದ ಅತಿಥಿ ಉಪನ್ಯಾಸಕರು ಮಾತ್ರ ನಗಲಿಲ್ಲ.

ಹಸುವಿನೊಳಗೆ ಹಾವು

ನಮ್ಮ ಮನೆ ದಬ್ಬೇಘಟ್ಟದ ಹತ್ತಿರ. ಪಕ್ಕದ ತೋಟದವರು ಹಸು ಮಾರಬೇಕಾಗಿತ್ತು. ಕೊಳ್ಳಲು ಅಮ್ಮಸಂದ್ರದ ಕಡೆಯ ಯಜಮಾನರೊಬ್ಬರು ಬಂದಿದ್ದರು. ನಾನೂ ಅಲ್ಲೇ ಎಳನೀರು ಕುಡಿಯುತ್ತಿದ್ದೆ. ಸುಮ್ಮನಿರಬಹುದಿತ್ತು.

"ಹಾವು, ಹಲ್ಲಿಗಳಲ್ಲಿರೋ ಒಂದು ತುಣುಕು ಬಲು ಹಿಂದೆ ಹಸುಗಳ ಪೂರ್ವಿಕರೊಳಗೆ ಸೇರ್ಕೊಂಡಿದೆ, ಬಹುಶಃ ಉಣ್ಣೆ ಹುಳ ಕಚ್ಚಿ. ಆಮೇಲೆ ನಕಲಿನ ಮೇಲೆ ನಕಲಾಗಿ ಡಿಎನ್‌ಎ ತುಂಬ ಹಬ್ಬಿದೆ" ಅಂದೆ.

ಯಜಮಾನರು ಹಸುವಿನ ಬೆನ್ನಿನ ಮೇಲಿಟ್ಟಿದ್ದ ಕೈ ತೆಗೆದರು. "ಹಂಗಾರೆ ಇದ್ರೊಳಗೆ ಹಾವೈತಾ?"

ತೋಟದ ಮನೆಯಾಕೆ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು. "ಎಲ್ಲಾ ಹಸುವಿನಲ್ಲೂ ಇದೆ, ನಿಮ್ಮ ಮನೇಲಿರೋದ್ರಲ್ಲೂ" ಅಂತ ನಾನು ಬಿಡಿಸಿ ಹೇಳಿದ ಮೇಲೆ ವ್ಯಾಪಾರ ಕುದುರಿತು.

ಮಾರನೆಯ ಬೆಳಗ್ಗೆ ಯಜಮಾನರ ಫೋನು. ಮನೆಯಾಕೆ ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು.

"ಏನಮ್ಮಾ, ಕರೆಯಾಕೆ ಕೂತ್ರೆ ಬುಸ್ ಅಂತ ಒದೀತೈತೆ. ಮೇಡಂ ಹೇಳಿದ್ದು ದಿಟ."

"ಯಾವ ಕಡೆ ಕೂತಿದ್ರಿ?" ಅಂದರು, ದಿನಾ ಬಲಗಡೆ ಕೂತೇ ಹಾಲು ಕರೆಯುತ್ತಿದ್ದ ಮನೆಯಾಕೆ.

"ಎಡಗಡೆ."

"ಅದು ಹಾವಿನ ಕಡೆ ಕಣ್ರೀ. ಬಲಗಡೆ ಬಂದು ಕೂತ್ಕಳಿ, ಆ ಕಡೆಯಿಂದ ಹಸು."