ಹ್ಯಾಂಡ್‌ಬ್ರೇಕಿಗೆ ಇನ್ನೊಂದು ಕಟಕ್

ಬಾಗಿಲಿಗೆ ಬೀಗ ಹಾಕಿ ಗೇಟಿನವರೆಗೆ ಬಂದು, ಮತ್ತೆ ಹಿಂದಕ್ಕೆ ಹೋಗಿ ಬೀಗ ಜಗ್ಗಿ ನೋಡುವವರಲ್ಲಿ ಎರಡು ಬಗೆ. ಒಮ್ಮೆ ಜಗ್ಗಿ ನೆಮ್ಮದಿಯಾಗಿ ಹೊರಟುಹೋಗುವವರು ಒಂದು ಬಗೆ. ಜಗ್ಗಿದ್ದು ಇವತ್ತೋ ನಿನ್ನೆಯೋ ಎಂದು ಬಸ್‌ಸ್ಟಾಪಿನಲ್ಲಿ ನಿಂತು ಒದ್ದಾಡುವವರು ಇನ್ನೊಂದು ಬಗೆ. ನಾನು ಎರಡನೆಯವನು. ನನ್ನ ಹೆಂಡತಿ ಸುಧಾ ಇದನ್ನು ಮರೆವು ಎನ್ನುತ್ತಾಳೆ. ನಾನು ವೈಜ್ಞಾನಿಕ ಸಂಶಯ ಎನ್ನುತ್ತೇನೆ. ಎರಡು ವರ್ಷ ಎಂ.ಎಸ್ಸಿ. ಭೌತಶಾಸ್ತ್ರ ಓದಿದ್ದರಲ್ಲಿ ನನಗೆ ಉಳಿದದ್ದು ಒಂದೇ ಮಾತು: ಬರೆದಿಡದ್ದು ಸಾಕ್ಷಿಯಲ್ಲ. ಹಾಗಾಗಿ ಅಂಗಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ನೋಟ್‌ಬುಕ್. ಗ್ಯಾಸ್ ಆಫ್, 9.10. ಮಾತ್ರೆ, 9.15. ಅದನ್ನು ಮನೆಯಲ್ಲೇ ಬಿಟ್ಟು ಹೋದ ದಿನ ನಾನು ತಿಂಡಿ ತಿಂದಿದ್ದೇನೆಂದು ಆಣೆ ಮಾಡಿ ಹೇಳಲಾರೆ.

ಸುಧಾ ಆಫೀಸುಗಳಿಗೂ ಕಲ್ಯಾಣ ಮಂಟಪಗಳಿಗೂ ಕುಂಡಗಳ ಸಮೇತ ಗಿಡಗಳನ್ನು ಬಾಡಿಗೆಗೆ ಕೊಡುತ್ತಾಳೆ. ಅದಕ್ಕೊಂದು ಹಳೆಯ ಪಿಕಪ್ ಇದೆ. ಅದನ್ನು ಆರು ವರ್ಷದಿಂದ ಓಡಿಸುತ್ತಿರುವವರು ಸುಬ್ರಹ್ಮಣ್ಯಪುರದ ಮಾದೇವಪ್ಪ. ಸಂಜೆ ಐದಕ್ಕೆ ಗಾಡಿ ತಂದು ಮನೆಮುಂದೆ ನಿಲ್ಲಿಸಿ, ಕೀ ಕೊಟ್ಟು, ಬಸ್ಸು ಹಿಡಿದು ಹೋಗುತ್ತಾರೆ. ಕುಮಾರಸ್ವಾಮಿ ಲೇಔಟಿನ ನಮ್ಮ ರಸ್ತೆಯೋ, ನಿಂಬೆಹಣ್ಣು ಬಿದ್ದರೆ ಕೆಳಗಿನ ಕ್ರಾಸಿನಲ್ಲಿ ಹುಡುಕಬೇಕು, ಅಷ್ಟು ಇಳಿಜಾರು. ಮೂರು ತಿಂಗಳ ಹಿಂದೆ ಇದೇ ಪಿಕಪ್ ತಾನಾಗಿ ಉರುಳಿ ಎದುರು ಮನೆಯ ಕಾಂಪೌಂಡಿಗೆ ಗುದ್ದಿದ್ದು ನನಗೆ ಚೆನ್ನಾಗಿ ನೆನಪಿದೆ. ಇಟ್ಟಿಗೆ ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಸುಧಾ ಹೇಳುವ ಪ್ರಕಾರ ಅದು ನಮ್ಮ ಪಿಕಪ್ ಅಲ್ಲ, ಹಾಲಿನ ವ್ಯಾನು. ನಮ್ಮ ರಸ್ತೆಯಲ್ಲ, ಹಿಂದಿನ ರಸ್ತೆ. ಅಲ್ಲದೆ ಅವತ್ತು ನಾನು ಊರಲ್ಲೇ ಇರಲಿಲ್ಲ. ಇರಬಹುದು. ಭಯಕ್ಕೆ ಅಷ್ಟೆಲ್ಲ ವಿವರ ಬೇಕಾಗುವುದಿಲ್ಲ.

ಕಳೆದ ತಿಂಗಳು ಪಿಕಪ್ ಮುಗ್ಗರಿಸತೊಡಗಿತು. "ಹಿಂದ್ಗಡೆಯಿಂದ ಯಾರೋ ಹಿಡ್ಕೊಂಡಂಗೆ ಆಗುತ್ತೆ ಸಾರ್" ಎಂದರು ಮಾದೇವಪ್ಪ. ಬನಶಂಕರಿಗೆ ಹೋಗಿಬರುವಷ್ಟರಲ್ಲಿ ಹಿಂದಿನ ಚಕ್ರಗಳಿಂದ ಸುಟ್ಟ ವಾಸನೆ. ನಾನು ಗಾಡಿ ಓಡಿಸುವವನಲ್ಲ, ಆದರೆ ಘರ್ಷಣೆಯ ಪಾಠ ಓದಿದವನು. ಅರ್ಧ ಗಂಟೆಯಲ್ಲಿ ತೀರ್ಪು ಕೊಟ್ಟೆ: ಮನುಷ್ಯ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸದೆ ಓಡಿಸುತ್ತಿದ್ದಾರೆ. "ಆರು ವರ್ಷ ಇಲ್ದೇ ಇದ್ದದ್ದು ಈಗ್ಯಾಕೆ?" ಎಂದಳು ಸುಧಾ. "ವಯಸ್ಸಾಯ್ತು, ಮರೀತಾರೆ" ಎಂದೆ. ಆ ಮಾತು ಆಡುವಾಗ ನನಗೆ ನಾಚಿಕೆ ಆಗಬೇಕಿತ್ತು. ಮೂರು ದಿನ ಅದನ್ನೇ ಕುಟ್ಟಿದ ಮೇಲೆ ಅವಳು ಸೋತಳು. ಶನಿವಾರ ಸಿದ್ದಾಪುರದ ಮೆಕ್ಯಾನಿಕ್ ಅನ್ವರ್‌ಗೆ ತೋರಿಸುವುದು. ತಪ್ಪು ಮಾದೇವಪ್ಪನವರದೇ ಆದರೆ ಒಂದನೇ ತಾರೀಖಿನಿಂದ ಬೇರೆ ಡ್ರೈವರ್.

ಶನಿವಾರ ಮಾದೇವಪ್ಪನವರೇ ಗಾಡಿ ಓಡಿಸಿಕೊಂಡು ನಮ್ಮಿಬ್ಬರನ್ನೂ ಅನ್ವರ್‌ನ ಗ್ಯಾರೇಜಿಗೆ ಕರೆದೊಯ್ದರು. ಅನ್ವರ್ ಬಾಟಲಿಯಿಂದ ಹಿಂದಿನ ಚಕ್ರದ ಡ್ರಮ್ಮಿನ ಮೇಲೆ ನಾಲ್ಕು ಹನಿ ನೀರು ಹಾಕಿದ. ಚುಂಯ್! ಮುಂದಿನ ಚಕ್ರಕ್ಕೆ ಹಾಕಿದ. ನೀರು ಸುಮ್ಮನೆ ಜಾರಿತು. ಜಾಕ್ ಕೊಟ್ಟು ಹಿಂಭಾಗ ಎತ್ತಿ, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ ಚಕ್ರ ತಿರುಗಿಸಿದರೆ ಅದು ಜಪ್ಪಯ್ಯ ಅನ್ನಲಿಲ್ಲ. ಬ್ರೇಕ್ ಆಯಿಲ್ ಹೊರಬಿಡುವ ತಿರುಪು ಸಡಿಲಿಸಿದ. ಆಯಿಲ್ ಹನಿಯಿತು, ಚಕ್ರ ಬಿಗಿಯಾಗಿಯೇ ಇತ್ತು; ಅಂದರೆ ತೊಂದರೆ ಆಯಿಲಿನದಲ್ಲ. ಕೊನೆಗೆ ಹ್ಯಾಂಡ್‌ಬ್ರೇಕಿನ ಕೇಬಲ್ ಬಿಚ್ಚಿದ. ಚಕ್ರ ಜಾತ್ರೆಯ ಗಿರಗಿಟ್ಟಲೆಯಂತೆ ತಿರುಗಿತು.

"ನಾನು ಹೇಳಲಿಲ್ವಾ, ಹ್ಯಾಂಡ್‌ಬ್ರೇಕು!" ಎಂದು ಸುಧಾಳ ಕಡೆ ನೋಡಿದೆ.

"ಹ್ಯಾಂಡ್‌ಬ್ರೇಕೇ ಸಾರ್. ಆದ್ರೆ ಇಳಿಸದೇ ಓಡ್ಸಿರೋದಲ್ಲ" ಎಂದ ಅನ್ವರ್. "ಯಾರೋ ಮೈಮೇಲೆ ಬಂದಂಗೆ ಎಳ್ದಿದಾರೆ. ಕೇಬಲ್ ಒಳಗಡೆ ಸಿಕ್ಕಾಕ್ಕೊಂಡಿದೆ. ಲಿವರ್ ಇಳಿಸಿದ್ರೂ ಕೇಬಲ್ ವಾಪಸ್ ಬರಲ್ಲ. ಬ್ರೇಕ್ ಹಿಡ್ಕೊಂಡೇ ಇರುತ್ತೆ. ಯಾರು ಎಳೆಯೋದು?"

ಮಾದೇವಪ್ಪ ಮುಂದೆ ಬಂದರು. "ನಾನು ಸಂಜೆ ನಾಲ್ಕು ಕಟಕ್ ಎಳ್ದು, ಗೇರಲ್ಲಿ ನಿಲ್ಸಿ, ಚಕ್ರಕ್ಕೆ ಕಲ್ಲು ಕೊಟ್ಟು ಹೋಗ್ತೀನಿ. ಬೆಳಿಗ್ಗೆ ಬಂದ್ರೆ ಲಿವರ್ ಆಕಾಶ ನೋಡ್ತಿರುತ್ತೆ. ಇಳಿಸಕ್ಕೆ ಎರಡು ಕೈ ಬೇಕು. ಮನೆಯವ್ರು ಯಾರೋ ಎಳೀತಾರೆ, ನಾನ್ಯಾಕೆ ಕೇಳ್ಲಿ ಅಂತ ಸುಮ್ಮನಿದ್ದೆ."

ಸುಧಾ ನನ್ನ ಮುಖ ನೋಡಲಿಲ್ಲ, ಜೇಬು ನೋಡಿದಳು. "ಅದು ಕೊಡ್ರಿ ಇಲ್ಲಿ." ಕೊಟ್ಟೆ. ಅವಳು ಗ್ಯಾರೇಜಿನ ನಡುವೆ ನಿಂತು ಗಟ್ಟಿಯಾಗಿ ಓದಿದಳು: "ಹ್ಯಾಂಡ್‌ಬ್ರೇಕ್ ನೋಡಿದೆ, ಒಂದು ಕಟಕ್ ಎಳೆದೆ, 5.20. ಮತ್ತೆ ನೋಡಿದೆ, ಒಂದು ಕಟಕ್, 5.45. ಎಳೆದದ್ದು ನೆನಪಿಲ್ಲ, ಇನ್ನೊಂದು, 6.10." ಪುಟ ತಿರುಗಿಸಿದಳು. ಮರುದಿನವೂ ಅದೇ. ಇಡೀ ತಿಂಗಳೂ ಅದೇ.

"ಸಾರ್, ಅದು ಕೇಬಲ್ಲು. ಬಾವಿ ಹಗ್ಗ ಅಲ್ಲ" ಎಂದ ಅನ್ವರ್.

ಹೊಸ ಕೇಬಲ್ ಹಾಕಿಸಿಕೊಂಡು ಮೂವರೂ ಒಂದೇ ಸೀಟಿನಲ್ಲಿ ಇಕ್ಕಟ್ಟಾಗಿ ಕುಳಿತು ಹೊರಟೆವು. ಸುಧಾ ಮೊಣಕೈಯಿಂದ ತಿವಿದಳು. "ಮಾದೇವಪ್ಪ, ನಿಮ್ಮನ್ನ ಬಿಡ್ಸೋಣ ಅಂತ ಹೇಳಿದ್ದು ನಾನೇ. ತಪ್ಪಾಯ್ತು" ಎಂದೆ. ಜಯನಗರದ ಸಿಗ್ನಲ್ಲು ಹಸಿರಾಯಿತು, ಅವರು ಗೇರು ಹಾಕಿದರು. ಆಮೇಲೆ, "ಗೊತ್ತಿತ್ತು ಸಾರ್. ನೀವು ಮನೇಲಿ ಮಾತಾಡೋದು ಗೇಟಿಗೆ ಕೇಳುತ್ತೆ. ಇನ್ನೊಂದು ಕಡೆ ಕೆಲಸ ಕೇಳಿಟ್ಟಿದ್ದೆ."

"ಈಗ?"

"ಈಗ ಅವ್ರಿಗೆ ಬರಲ್ಲ ಅಂತ ಹೇಳ್ಬೇಕು."

ಅವತ್ತಿನಿಂದ ನಾನು ಹ್ಯಾಂಡ್‌ಬ್ರೇಕ್ ಮುಟ್ಟಿಲ್ಲ. ಪಿಕಪ್ ಕೀ ಈಗ ಸುಧಾಳ ಬೀರುವಿನಲ್ಲಿರುತ್ತದೆ ಎನ್ನುವುದೂ ಇದಕ್ಕೆ ಒಂದು ಕಾರಣ. ಆದರೆ ಸೋಮವಾರ ಬೆಳಿಗ್ಗೆ ಹಲ್ಲುಜ್ಜುವಾಗ ಇದ್ದಕ್ಕಿದ್ದಂತೆ ಅನುಮಾನ ಬಂತು: ನಾನು ಕ್ಷಮೆ ಕೇಳಿದ್ದು ಬಾಯಿಬಿಟ್ಟೋ, ಮನಸ್ಸಿನಲ್ಲೋ? ಗಾಡಿ ತೆಗೆಯಲು ಬಂದಿದ್ದ ಮಾದೇವಪ್ಪನವರನ್ನೇ ಇಳಿದು ಹೋಗಿ ಕೇಳಿದೆ. "ಹೇಳಿದ್ರಲ್ಲ ಸಾರ್" ಎಂದರು. ಬುಧವಾರ ಮತ್ತೆ ಕೇಳಿದೆ, ಸೋಮವಾರ ಕೇಳಿದ್ದನ್ನು ಬರೆದಿಟ್ಟಿರಲಿಲ್ಲ. ಶುಕ್ರವಾರ ನಾನು ಗೇಟು ತೆರೆಯುತ್ತಿದ್ದಂತೆಯೇ ಮಾದೇವಪ್ಪ ಕೈಚಾಚಿ ನೋಟ್‌ಬುಕ್ ಇಸಿದುಕೊಂಡು, ಬಾನೆಟ್ಟಿನ ಮೇಲಿಟ್ಟು, ದಪ್ಪ ಅಕ್ಷರದಲ್ಲಿ ಬರೆದರು: "ಸಾರ್ ಕ್ಷಮೆ ಕೇಳಿದ್ದಾರೆ. ಸಾಕು." ಕೆಳಗೆ ಸಹಿಯನ್ನೂ ಹಾಕಿದರು.

ಇದಕ್ಕಿಂತ ದೊಡ್ಡ ಪುರಾವೆ ಯಾರಿಗೆ ಬೇಕು? ಇವತ್ತು ಬೆಳಿಗ್ಗೆಯಿಂದ ಆ ಪುಟವನ್ನು ಬರೀ ಮೂರು ಸಲ ತೆಗೆದು ನೋಡಿದ್ದೇನೆ. ಸಹಿ ಅವರದೇ ಇರಬೇಕು.