ಒಂದು ಎಸ್‌ಎಂಪಿಎಸ್, ಮೂರು ದೂರು

ಯಾರದಾದರೂ ಕಂಪ್ಯೂಟರಿಗೆ ಹೊಸ ಎಸ್‌ಎಂಪಿಎಸ್ ಹಾಕಿಕೊಟ್ಟೆ ಅಂತಿಟ್ಟುಕೊಳ್ಳಿ. ಆಮೇಲೆ ಅವರ ಮನೆಯ ಮಿಕ್ಸಿ ಕೆಟ್ಟರೂ ನನ್ನದೇ ತಪ್ಪು. ವಿರಾಜಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟ ಮೇಲೆ ಈ ಮಾತು ಕೇಳದೆ ಒಂದು ಮಳೆಗಾಲವೂ ಕಳೆದಿಲ್ಲ. ಎಸ್‌ಎಂಪಿಎಸ್ ಅಂದರೆ ಸಿಪಿಯು ಒಳಗೆ, ಹಿಂಬದಿಯಲ್ಲಿ, ಫ್ಯಾನ್ ಇಟ್ಟುಕೊಂಡು ಕೂತಿರುವ ತಗಡಿನ ಡಬ್ಬ. ಗೋಡೆಯ ಕರೆಂಟು ತೆಗೆದುಕೊಂಡು ಒಳಗಿನ ಎಲ್ಲ ಭಾಗಕ್ಕೂ ಬೇಕಾದಷ್ಟೇ ಹಂಚುವುದು ಅದರ ಕೆಲಸ. ಸಿಡಿಲು ಬಂದರೆ ಮೊದಲು ಸಾಯುವುದೂ ಅದೇ.

ಈ ವರ್ಷ ಪಾಲಿಬೆಟ್ಟದ ಒಂದು ಎಸ್ಟೇಟ್ ಆಫೀಸಿನ ಕಂಪ್ಯೂಟರಿಗೆ ಒಂದು ಹಾಕಿದೆ. ಹಾಕಿದ್ದು ಒಂದು, ಬಂದ ದೂರು ಮೂರು. ಹೇಳಿದರೆ ಎಲ್ಲರೂ ನಗುತ್ತಾರೆ, ನನಗೆ ಮಾತ್ರ ಈಗಲೂ ಪಿತ್ತ ನೆತ್ತಿಗೇರುತ್ತದೆ. ನನ್ನ ಅಂಗಡಿಯ ಅರ್ಧ ಕೆಲಸ ಬರುವುದು ಆ ಕಡೆಯ ಎಸ್ಟೇಟುಗಳಿಂದ. ಅಲ್ಲಿ ಒಬ್ಬ ಸಾಹುಕಾರರು ‘ಅವನು ಹಾಕೋದು ಡೂಪ್ಲಿಕೇಟ್ ಮಾಲು’ ಅಂದರೆ ಸಂಜೆಯೊಳಗೆ ಉಳಿದ ಎಲ್ಲ ಸಾಹುಕಾರರಿಗೂ ಗೊತ್ತಾಗುತ್ತದೆ. ಮರುದಿನದಿಂದ ನಾನು ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂರಬೇಕು.

೧. ರಬ್ಬರು

ಆ ಆಫೀಸು ನೋಡಿಕೊಳ್ಳುವವರು ಎಸ್ಟೇಟಿನ ರೈಟರು. ಕೆಲಸದವರ ಹಾಜರಿ, ಕಾಗದ ಪತ್ರ, ಎಲ್ಲ ಅವರದೇ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಮಾತು ಬಹಳ ಮೆತ್ತಗೆ. ಎಷ್ಟು ಮೆತ್ತಗೆ ಅಂದರೆ, ಕೇಳುವವನಿಗೆ ಅದರಿಂದಲೇ ಸಿಟ್ಟು ಬರಬೇಕು. ಸಿಡಿಲಿಗೆ ಹೋಯ್ತು ಅಂತ ಅವರು ಅಂಗಡಿಗೆ ಸಿಪಿಯು ತಂದರು. ನಾನು ಎಸ್‌ಎಂಪಿಎಸ್ ಬದಲಾಯಿಸಿ, ಅವರೆದುರೇ ಓಡಿಸಿ ತೋರಿಸಿ ಕಳಿಸಿದೆ. ಮಧ್ಯಾಹ್ನ ಫೋನು ಬಂತು.

“ಫ್ಯಾನು ತಿರುಗ್ತದೆ, ಸ್ಕ್ರೀನಲ್ಲಿ ಎಂಥದೂ ಇಲ್ಲ ಮಾರಾಯ್ರೆ. ನಿಮ್ಮ ಎಸ್‌ಎಂಪಿಎಸ್ ಹೋಯ್ತು ಕಾಣ್ತದೆ.”

“ಜೀಪಲ್ಲಿ ಹೇಗೆ ತಗೊಂಡು ಹೋದ್ರಿ?”

“ಹಿಂದೆ ಗೊಬ್ಬರದ ಮೂಟೆ ಮೇಲೆ ಇಟ್ಟಿದ್ದೆ. ಒಂದು ತಿರುವಲ್ಲಿ ಬಿತ್ತು. ಒಂದೇ ಸಲ.”

ಅಂಗಡಿ ಮುಚ್ಚಿ ಬಸ್ಸು ಹಿಡಿದು ಹೋದೆ. ಬಿದ್ದ ರಭಸಕ್ಕೆ ಒಳಗಿನ ರ‍್ಯಾಮ್ ಜಾಗದಿಂದ ಎದ್ದಿತ್ತು. ಅದನ್ನು ಕಿತ್ತು, ಅದರ ಹಳದಿ ಅಂಚನ್ನು ಶಾಲೆ ಮಕ್ಕಳ ರಬ್ಬರಿನಲ್ಲಿ ಉಜ್ಜಿ, ಒತ್ತಿ ಕೂರಿಸಿದೆ. ಸ್ಕ್ರೀನು ಬಂತು. ರೈಟರು ಸ್ಕ್ರೀನು ನೋಡಲಿಲ್ಲ, ನನ್ನ ಕೈಯಲ್ಲಿದ್ದ ರಬ್ಬರು ನೋಡಿದರು.

“ರಬ್ಬರಲ್ಲಿ ಉಜ್ಜಿದ್ರೆ ಸರಿ ಆಗ್ತಿತ್ತು ಅಂದ ಮೇಲೆ, ಹೊಸ ಎಸ್‌ಎಂಪಿಎಸ್ ಯಾಕೆ ಹಾಕಿದ್ರಿ?”

೨. ಬಿಸಿ ಗಾಳಿ

ವಾರ ಆಗಿರಲಿಲ್ಲ, ಮತ್ತೆ ರೈಟರ ಫೋನು. ಅರ್ಧ ಗಂಟೆ ಓಡುತ್ತದಂತೆ, ಆಮೇಲೆ ತನ್ನಷ್ಟಕ್ಕೆ ಆಫ್ ಆಗುತ್ತದಂತೆ. “ಸಾವ್ಕಾರ್ರು ಕೇಳಿದ್ರು. ನಿಮ್ಮ ಎಸ್‌ಎಂಪಿಎಸ್ ಸರಿ ಇಲ್ಲ ಅಂತ ಹೇಳಿದ್ದೇನೆ” ಅಂತ ಅದೇ ಮೆತ್ತನೆ ದನಿಯಲ್ಲಿ ಹೇಳಿದರು.

ನೋಡದೆಯೇ ಹೇಳಿಬಿಟ್ಟಿದ್ದಾರಲ್ಲ ಅಂತ ದಾರಿಯುದ್ದಕ್ಕೂ ಕುದಿಯುತ್ತ ಹೋದೆ. ಆಫೀಸಿನ ಒಳಗೆ ಕಾಲಿಟ್ಟರೆ ಒದ್ದೆ ಬಟ್ಟೆಯ ಮುಗ್ಗಲು ವಾಸನೆ. ಸಿಪಿಯು ಹಿಂದೆ ಎರಡು ಜೊತೆ ಜಿಗಣೆ ಸಾಕ್ಸು ನೇತಾಡುತ್ತಿದ್ದವು. ಮಳೆಗಾಲದಲ್ಲಿ ತೋಟಕ್ಕೆ ಇಳಿಯುವವರು ಜಿಗಣೆ ಹತ್ತದ ಹಾಗೆ ಮೊಣಕಾಲಿನವರೆಗೆ ಕಟ್ಟುವ ದಪ್ಪ ಬಟ್ಟೆಯ ಸಾಕ್ಸು. ಎಸ್‌ಎಂಪಿಎಸ್ ಫ್ಯಾನಿನ ಗಾಳಿ ಹೊರಗೆ ಬರುವ ಜಾಗಕ್ಕೇ ಸರಿಯಾಗಿ, ಕ್ಲಿಪ್ ಸಿಕ್ಕಿಸಿ ಒಣಗಲು ಹಾಕಿದ್ದರು.

ನಾನು ಬಾಯಿಗೆ ಬಂದಂತೆ ಬೈದೆ. ಗಾಳಿ ಹೋಗಲು ದಾರಿ ಇಲ್ಲದಿದ್ದರೆ ಅದು ಕಾದು ಆಫ್ ಆಗದೆ ಇನ್ನೇನು ಮಾಡಬೇಕು, ಇದು ಕಂಪ್ಯೂಟರೋ ಬಚ್ಚಲೊಲೆಯೋ ಅಂತ ಕೇಳಿದೆ. ಪೂರ್ತಿ ಕೇಳಿಸಿಕೊಂಡರು.

“ಹಳೇದರಲ್ಲಿ ನಾಲ್ಕು ಮಳೆಗಾಲ ಒಣಗಿಸಿದ್ದೇನೆ” ಅಂದರು. “ಅದರ ಗಾಳಿ ಒಳ್ಳೆ ಬಿಸಿ ಇತ್ತು. ಇದರಲ್ಲಿ ಅಷ್ಟು ಬರುವುದಿಲ್ಲ.”

ಹಳೆಯದು ಸತ್ತದ್ದು ಸಿಡಿಲಿಗಲ್ಲ ಅಂತ ನನಗೆ ಗೊತ್ತಾದದ್ದು ಆಗ. ಮಾತಾಡಿದರೆ ಜಗಳ ಆಗುತ್ತದೆ ಅಂತ ಚೀಲ ಹೆಗಲಿಗೆ ಹಾಕಿ ಹೊರಟೆ. ಬಾಗಿಲ ತನಕ ಹಿಂದೆಯೇ ಬಂದರು.

“ಆ ಹಳೇದು ಬಿಸಾಡಿದ್ರಾ? ಇದ್ದರೆ ಕೊಡಿ, ಸಾಕ್ಸಿಗೆ ಬೇಕಿತ್ತು.”

೩. ಬೇಲಿ

ಮೂರನೇ ಸಲ ಫೋನು ಮಾಡಿದ್ದು ಸಾಹುಕಾರರೇ. “ಕಂಪ್ಯೂಟರ್ ಪೂರಾ ಸತ್ತಿದೆ. ಲೈಟೂ ಇಲ್ಲ, ಫ್ಯಾನೂ ಇಲ್ಲ. ಬಂದು ನಿನ್ನ ಡಬ್ಬ ಬಿಚ್ಚಿಕೊಂಡು ಹೋಗು. ಬೇರೆಯವರಿಗೂ ಹೇಳ್ತೇನೆ, ನಿನ್ನ ಹತ್ತಿರ ಏನೂ ಹಾಕಿಸ್ಬೇಡಿ ಅಂತ.”

ಕೂಡಲೇ ಬಸ್ಸು ಹತ್ತಿದೆ. ಅರ್ಧ ಹೆದರಿಕೆ, ಅರ್ಧ ಸಿಟ್ಟು. ಹೋದವನೇ ಸಾಹುಕಾರರ ಎದುರೇ ಎಸ್‌ಎಂಪಿಎಸ್ ಹೊರಗೆ ತೆಗೆದೆ. ನೇರ ಗೋಡೆಗೆ ಸಿಕ್ಕಿಸಿ, ಅದರ ಹಸಿರು ವಯರಿಗೂ ಕಪ್ಪು ವಯರಿಗೂ ನಡುವೆ ಒಂದು ಪಿನ್ ಕೊಟ್ಟೆ. ಹಾಗೆ ಮಾಡಿದರೆ ಕಂಪ್ಯೂಟರ್ ಇಲ್ಲದೆಯೂ ಅದು ಓಡಬೇಕು. ಫ್ಯಾನು ಗಿರ್ರನೆ ತಿರುಗಿತು.

“ನೋಡಿ, ನನ್ನದು ಬದುಕಿದೆ. ಸತ್ತಿರೋದು ಬೇರೆ ಯಾವುದೋ.”

ಕಂಪ್ಯೂಟರಿಗೆ ಕರೆಂಟು ಬರುತ್ತಿದ್ದದ್ದು ಮೇಜಿನ ಕೆಳಗಿನ ಯುಪಿಎಸ್‌ನಿಂದ. ಅದರ ಗುಂಡಿ ಒತ್ತಿದರೆ ಜೀವ ಇಲ್ಲ. ಎತ್ತಿದರೆ ಹಗುರ. ಬಿಚ್ಚಿ ನೋಡುತ್ತೇನೆ, ಒಳಗೆ ಬ್ಯಾಟರಿಯೇ ಇಲ್ಲ. ಅದಿಲ್ಲದೆ ಆ ಯುಪಿಎಸ್ ಆನ್ ಆಗುವುದೇ ಇಲ್ಲ. ಎರಡು ವಯರಿನ ತುದಿಗೆ ನೀಟಾಗಿ ಟೇಪು ಸುತ್ತಿತ್ತು.

“ಬ್ಯಾಟರಿ ಎಲ್ಲಿ?” ಅಂತ ಕೂಗಿದೆ.

“ಬೇಲಿಯಲ್ಲಿ ಉಂಟು” ಅಂದರು ರೈಟರು. ಆನೆ ಬರದ ಹಾಗೆ ತೋಟದ ಸುತ್ತ ಸೋಲಾರ್ ಬೇಲಿ. ಬಿಸಿಲಿಲ್ಲದೆ ಅದರ ಬ್ಯಾಟರಿ ಕೈಕೊಟ್ಟಿತ್ತಂತೆ. ಹಲಸಿನ ಹಣ್ಣಿಗೆ ಆನೆ ಬರುವ ಕಾಲ ಬೇರೆ.

“ಕಂಪ್ಯೂಟರಿನ ಬ್ಯಾಟರಿ ತೆಗೆದು ಬೇಲಿಗೆ ಹಾಕು ಅಂತ ಯಾವ ಬುದ್ಧಿವಂತ ಹೇಳಿದ್ದು?” ಅಂದೆ.

ರೈಟರು ಸಾಹುಕಾರರ ಕಡೆ ನೋಡಿದರು. ಸಾಹುಕಾರರು ಕಿಟಕಿಯ ಕಡೆ ನೋಡಿದರು.

“ಎಲ್ಲಿಂದಾದ್ರೂ ಒಂದು ಬ್ಯಾಟರಿ ತಂದು ಹಾಕು ಅಂದಿದ್ದೆ” ಅಂದರು ಸಾಹುಕಾರರು. “ಆನೆ ಅಂತೂ ಬರ್ಲಿಲ್ಲ.”

ನಾನು ಎಲ್ಲ ಜೋಡಿಸಿ, ಕಂಪ್ಯೂಟರನ್ನು ನೇರ ಗೋಡೆಗೆ ಕೊಟ್ಟು ಓಡಿಸಿದೆ. ಬೇರೆಯವರಿಗೆ ಏನು ಹೇಳುತ್ತೀರಿ ಅಂತ ನೆಟ್ಟಗೆ ಕೇಳಿಯೇಬಿಟ್ಟೆ. “ನಿನ್ನದು ತಪ್ಪಿಲ್ಲ ಮಾರಾಯ, ಸಂಜೆ ಎಲ್ಲರಿಗೂ ನಾನೇ ಒಳ್ಳೇದು ಹೇಳ್ತೇನೆ” ಅಂದರು. ಮಾತಿಗೆ ತಪ್ಪುವವರಲ್ಲ. ಮರುದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಫೋನು. ಇನ್ನೊಂದು ಎಸ್ಟೇಟಿನ ಸಾಹುಕಾರರು.

“ನಿಮ್ಮ ಬಗ್ಗೆ ಬಹಳ ಹೊಗಳಿದ್ರು. ನೀವು ಕೊಡುವ ಬ್ಯಾಟರಿಗೆ ಆನೆ ಹತ್ತಿರ ಬರುವುದಿಲ್ವಂತೆ. ನಮಗೆ ಎರಡು ಬೇಕು.”

ಸಿಟ್ಟು ನುಂಗಿಕೊಂಡು ಕೇಳಿದೆ, “ಅದು ಕಂಪ್ಯೂಟರಿನ ಬ್ಯಾಟರಿ. ನಿಮ್ಮದು ಯಾವ ಕಂಪ್ಯೂಟರು?”

“ಕಂಪ್ಯೂಟರ್ ನಮ್ಮಲ್ಲಿ ಇಲ್ಲ” ಅಂದರು. “ಆನೆ ಉಂಟು.”