ನೂರಿಪ್ಪತ್ತಕ್ಕೆ ಇಳಿದ ಬಿಪಿ

ಹದಿನೈದು ದಿನದ ಹಿಂದೆ ಬಿಪಿ ಮಾತ್ರೆ ನಿಲ್ಲಿಸಿದ್ದೇ ಡ್ರೈವರಣ್ಣನಿಗೆ ಮುಳುವಾಯಿತು. "ಒಂದ್ಸಲ ಶುರು ಮಾಡಿದ್ರೆ ಸಾಯೋ ತನಕ ಬಿಡೋ ಹಾಗಿಲ್ಲ" ಎಂದು ಡಿಪೋ ಮೆಕ್ಯಾನಿಕ್ ಹೆದರಿಸಿದ್ದ. ಎಂಜಿನ್ ಕೆಮ್ಮಿದ್ದು ಕೇಳಿಯೇ ರೋಗ ಹೇಳುವವನು ಮನುಷ್ಯರ ರೋಗ ಹೇಳಲಾರನೇ ಎಂದು ನಮ್ಮ ಮಹಾರಾಯ ನಂಬಿಬಿಟ್ಟ. "ಡಾಕ್ಟರ್ ಕೊಟ್ಟಿದ್ದು ನುಂಗ್ರಿ" ಎಂದು ಹೆಂಡತಿ ದಿನಾ ಹೇಳಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಇವತ್ತು ಹನ್ನೊಂದಕ್ಕೆ ವರ್ಷದ ತಪಾಸಣೆ. ಅದರಲ್ಲಿ ಫೇಲಾದವರನ್ನು ಬಸ್ಸಿನಿಂದ ಇಳಿಸಿ ಬಸ್ಸು ತೊಳೆಯುವ ಕೆಲಸಕ್ಕೆ ಹಾಕುತ್ತಾರೆ. ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡಿದವನಿಗೆ ಅದಕ್ಕಿಂತ ಅವಮಾನ ಬೇರೆ ಇಲ್ಲ. ಬೆಳಿಗ್ಗೆ ಮೆಡಿಕಲ್ ಶಾಪಿನಲ್ಲಿ ನೋಡಿಸಿದರೆ ನೂರೆಪ್ಪತ್ತು.

ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಬಾಯಿ ಬಿಟ್ಟದ್ದೇ ತಡ, ಎಲ್ಲರೂ ವೈದ್ಯರಾದರು. ಕಂಡಕ್ಟರ್ ಹಸಿ ಬೆಳ್ಳುಳ್ಳಿ ಅಗಿಸಿದ. ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಟೈಮ್‌ಕೀಪರ್ ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಡಿಸಿದ, ಸೀನು ಹತ್ತಿತು. ಯಾರ ಮದ್ದು ಮೇಲೆಂದು ಅವರಿಬ್ಬರೂ ಜಗಳಕ್ಕೆ ನಿಂತಾಗ ಗಂಟೆ ಹತ್ತೂಕಾಲು.

ಆಗ ಮೆಕ್ಯಾನಿಕ್ ಒಂದು ಸೀಸೆ ಹಿಡಿದು ಬಂದ. ಮೇಲೆ ಹೆಸರಿಲ್ಲ, ಊರಿಲ್ಲ. ಅವನ ಷಡ್ಡಕ ಮನೆಯಲ್ಲೇ ಕಾಯಿಸಿ ಮಾರುವ ಕಷಾಯವಂತೆ.

"ಬರೀ ಬೇರು, ಎಲೆ ಕಣಣ್ಣಾ. ಸೈಡ್ ಎಫೆಕ್ಟ್ ಅನ್ನೋದೇ ಇಲ್ಲ. ಎರಡು ಮುಚ್ಚಳ ಸಾಕು."

ಎರಡಕ್ಕೆ ಇಳಿಯುವ ಬಿಪಿ ನಾಲ್ಕಕ್ಕೆ ಇನ್ನೂ ಬೇಗ ಇಳಿದೀತೆಂದು ಡ್ರೈವರಣ್ಣ ನಾಲ್ಕು ಮುಚ್ಚಳ ಗಂಟಲಿಗೆ ಸುರಿದುಕೊಂಡ.

ಹನ್ನೊಂದಕ್ಕೆ ಡಾಕ್ಟರಮ್ಮ ಅವನನ್ನು ಕೂರಿಸಿ ತೋಳಿಗೆ ಪಟ್ಟಿ ಸುತ್ತಿದರು. ಪಟ್ಟಿ ಬಿಗಿಯಾಗುತ್ತಿದ್ದಂತೆ ಅವನು ಕಣ್ಣು ಮುಚ್ಚಿ ಮನೆದೇವರನ್ನು ನೆನೆದ. ಕಣ್ಣು ಬಿಟ್ಟಾಗ ಅವರು ಆಗಲೇ ಚೀಟಿ ಬರೆದು ಮುಗಿಸಿದ್ದರು.

"ಎಷ್ಟಿದೆ ಮೇಡಂ?" ಎಂದು ಕೇಳಿದ.

"ನೂರಿಪ್ಪತ್ತು, ಎಂಬತ್ತು. ಸರಿಯಾಗಿದೆ."

ಡ್ರೈವರಣ್ಣನಿಗೆ ಹೋದ ಜೀವ ಬಂದಂತಾಯಿತು. ಖುಷಿಗೆ ಕಣ್ಣು ತುಂಬಿತು. "ಹಾಗಾದ್ರೆ ಮಧ್ಯಾಹ್ನದ ಟ್ರಿಪ್ಪಿಗೆ ಹೋಗ್ಲಾ?"

ಡಾಕ್ಟರಮ್ಮ ಕನ್ನಡಕ ತೆಗೆದು ಅವನನ್ನೇ ನೋಡಿದರು. ಪಟ್ಟಿ ಸುತ್ತಿದ ಮರುಗಳಿಗೆಯೇ ಅವನು ಗೊರಕೆ ಹೊಡೆಯತೊಡಗಿದ್ದನಂತೆ. ನರ್ಸ್ ಭುಜ ಹಿಡಿದು ಅಲುಗಾಡಿಸಿದರೂ ಇಪ್ಪತ್ತು ನಿಮಿಷ ಎದ್ದಿರಲಿಲ್ಲವಂತೆ. ಏನು ಕುಡಿದಿರಿ ಎಂದು ಕೇಳಿದ್ದಕ್ಕೆ ಅವನು ಕಷಾಯದ ಕಥೆಯನ್ನೆಲ್ಲ ತೊದಲಿದ.

"ಇಂಥದ್ರಲ್ಲಿ ನಿದ್ದೆ ಮಾತ್ರೆ ಅರೆದು ಹಾಕಿರೋದನ್ನ ಎಷ್ಟೋ ಸಲ ನೋಡಿದೀನಿ" ಎಂದು ಅವರು ನಿಟ್ಟುಸಿರಿಟ್ಟರು. "ಬರೀ ಬಿಪಿ ಜಾಸ್ತಿ ಇದ್ದಿದ್ರೆ ಮಾತ್ರೆ ಕೊಟ್ಟು ಮುಂದಿನ ವಾರ ಮತ್ತೆ ನೋಡ್ತಿದ್ದೆ. ಹಾಡುಹಗಲೇ ಕೂತಲ್ಲೇ ನಿದ್ದೆ ಹೋಗೋ ಡ್ರೈವರನ್ನ ಪಾಸ್ ಮಾಡೋದು ಹೇಗೆ, ನೀವೇ ಹೇಳಿ?"